ಒಮಾನಿನ ನೆತ್ತಿ ಬಿಸಿಲಿನ ನೀರು

ಸಂತೆಕಟ್ಟೆ

ನಾನು ವಿದೇಶಕ್ಕೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಇನ್ನೊಬ್ಬನ ತಪ್ಪು ತಿಳುವಳಿಕೆಯಿಂದ. ಹೋಗಿ ಬಂದವರೆಲ್ಲ ಅಲ್ಲಿ ಕಂಡದ್ದನ್ನು ಬರೆಯುತ್ತಾರೆ. ನನಗೆ ಕಂಡದ್ದಕ್ಕಿಂತ ಅರ್ಥವಾಗದೆ ಉಳಿದದ್ದೇ ಹೆಚ್ಚು, ಹಾಗಾಗಿ ಅದನ್ನೇ ಬರೆಯುತ್ತೇನೆ. ಓದಿದವರಿಗೆ ಅರ್ಥವಾದರೆ ಒಂದು ಕಾರ್ಡು ಹಾಕಲಿ.

ಎಂಬತ್ತರ ದಶಕದ ಮೊದಲ ವರ್ಷಗಳವು. ಮಣಿಪಾಲದ ಒಂದು ಕಾಲೇಜಿನ ವಿದ್ಯುತ್ ಪ್ರಯೋಗಶಾಲೆಯಲ್ಲಿ ನಾನು ಸಹಾಯಕನಾಗಿದ್ದೆ. ಬೆಳಿಗ್ಗೆ ವಿದ್ಯಾರ್ಥಿಗಳಿಗೆ ಮೀಟರು, ವಯರು ಕೊಡುವುದು, ಸಂಜೆ ಅವನ್ನು ತೆಗೆದಿಡುವುದು, ನಡುವೆ ಫ್ಯೂಸು ಹೋದರೆ ಹಾಕುವುದು, ಇಷ್ಟೇ ನನ್ನ ವಿದ್ಯೆ. ಹುಟ್ಟೂರು ಇನ್ನಂಜೆ, ಸಂಸಾರ ಸಂತೆಕಟ್ಟೆಯ ಬಾಡಿಗೆ ಮನೆಯಲ್ಲಿ. ಅದಕ್ಕೂ ನಾಲ್ಕೈದು ವರ್ಷ ಹಿಂದೆ ಕಾಪುವಿನ ಯುವಕ ಮಂಡಲದವರು ಒಂದು ವಿಜ್ಞಾನ ಪ್ರದರ್ಶನ ಇಟ್ಟಾಗ, ಕಾಲೇಜಿನಿಂದ ಅಂಗೈಯಗಲದ ಸೌರ ಹಲಗೆಯೊಂದನ್ನು ಕೇಳಿ ತಂದು, ಬಿಸಿಲಿಗೆ ಹಿಡಿದು, ಟಾರ್ಚಿನ ಬಲ್ಬು ಉರಿಸಿ ತೋರಿಸಿದ್ದೆ. ಆ ಬಿಸಿಲಿನಲ್ಲಿ ಬಲ್ಬು ಉರಿದದ್ದು ಯಾರಿಗೂ ಕಾಣಿಸಲಿಲ್ಲ. ಕಂಡದ್ದು ನನ್ನ ಶಾಲೆಯ ಜೊತೆಗಾರ ಇಬ್ರಾಯಿ ಒಬ್ಬನಿಗೆ, ಯಾಕೆಂದರೆ ಅವನು ಬಲ್ಬಿಗೆ ಕೊಡೆ ಅಡ್ಡ ಹಿಡಿದು ನೋಡಿದ್ದ.

ಅದೇ ವರ್ಷ ಇಬ್ರಾಯಿ ಮದುವೆಯಾದ. ಎರಡೇ ತಿಂಗಳಲ್ಲಿ ಒಮಾನಿನ ಒಂದು ಖರ್ಜೂರದ ತೋಟಕ್ಕೆ ಕೆಲಸಕ್ಕೆ ಹೋದ. ಮತ್ತೆ ಅವನ ಸುದ್ದಿ ಬಂದದ್ದು ಒಂದು ದಪ್ಪ ಲಕೋಟೆಯಲ್ಲಿ. ಅವನ ಅರ್ಬಾಬ್, ಅಂದರೆ ಧಣಿ, ತೋಟಕ್ಕೆ ನೀರೆತ್ತಲು ಬಿಸಿಲಿನಿಂದ ನಡೆಯುವ ಪಂಪು ತರಿಸಿದ್ದಾನಂತೆ, ಬಿಸಿಲಿನ ಕರೆಂಟನ್ನು ತುಂಬಿಸಿಡಲು ಒಂದು ಕೋಣೆ ತುಂಬ ಬ್ಯಾಟರಿಗಳೂ ಉಂಟಂತೆ. ಕೂಡಿಸಿ ಕೊಟ್ಟ ವಿದೇಶಿಯರು ಹೋದ ಮೇಲೆ ಅದು ಸರಿಯಾಗಿ ನೀರು ಕೊಡುತ್ತಿಲ್ಲ. ಇಬ್ರಾಯಿ ಊರಿಗೆ ಹೋಗುತ್ತೇನೆ ಎಂದಾಗಲೆಲ್ಲ ಅರ್ಬಾಬ್ ಒಂದೇ ಮಾತು ಹೇಳುತ್ತಾನೆ: ಯಂತ್ರ ಹತ್ತು ದಿನ ತಕರಾರಿಲ್ಲದೆ ನೀರು ಕೊಡಲಿ, ಹನ್ನೊಂದನೇ ದಿನ ನಿನ್ನ ಪಾಸ್‌ಪೋರ್ಟು ನಿನ್ನ ಕೈಗೆ. ಇಬ್ರಾಯಿಯ ಮಗಳಿಗೆ ಮೂರು ವರ್ಷ ದಾಟಿತ್ತು. ಅವಳನ್ನು ಅವನು ಫೋಟೋದಲ್ಲಿ ಮಾತ್ರ ನೋಡಿದ್ದ. ಕಾಗದದ ಕೊನೆಯಲ್ಲಿ, "ಈ ವಿದ್ಯೆ ಬಲ್ಲವ ನಮ್ಮೂರಿನಲ್ಲಿ ಒಬ್ಬ ಇದ್ದಾನೆ ಅಂತ ಅರ್ಬಾಬಿಗೆ ಹೇಳಿಬಿಟ್ಟಿದ್ದೇನೆ, ವಾಸು. ನೀನು ಬರಬೇಕು" ಎಂದು ಬರೆದಿದ್ದ. ಜೊತೆಗೆ ವೀಸಾ, ಟಿಕೇಟು ಎರಡೂ ಇದ್ದವು.

ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ನನ್ನ ಪಾಂಡಿತ್ಯ ಆ ಬಗೆಯದು. ಇಲ್ಲವೆಂದು ಹೇಳಿಬಿಡೋಣ ಎಂದು ಕಾಪುವಿನಲ್ಲಿದ್ದ ಅವನ ಮನೆಗೆ ಹೋದೆ. ಅಲ್ಲಿ ಇಬ್ರಾಯಿಯ ಹೆಂಡತಿ ನೆಬೀಸ ಮಾವಿನಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ, ನನ್ನ ಜೊತೆ ಕಳುಹಿಸಲು ಸಿದ್ಧಮಾಡಿ ಇಟ್ಟಿದ್ದರು. ಹಲಸಿನ ಹಪ್ಪಳದ ಕಟ್ಟೂ ಇತ್ತು. ಮಗು ಬಂದು ನನ್ನ ಮುಖವನ್ನೇ ನೋಡುತ್ತ ನಿಂತಿತು. ಇಲ್ಲ ಎನ್ನಲು ಹೋದವನು ಭರಣಿಯನ್ನೂ ಹಪ್ಪಳವನ್ನೂ ಎತ್ತಿಕೊಂಡು ಬಂದೆ. ಮೇ ರಜೆ ಶುರುವಾದ ವಾರದಲ್ಲಿ ಸಂತೆಕಟ್ಟೆಯಲ್ಲಿ ಮುಂಬಯಿ ಬಸ್ಸು ಹತ್ತಿದೆ.

ಮಸ್ಕತ್

ಬ್ಯಾಟರಿ ನೋಡಲು ಹೋಗುವವನು ಆಸಿಡ್ಡು ಅಳೆಯುವ ಗಾಜಿನ ಕೊಳವೆಯನ್ನು ಒಯ್ಯದೆ ಇರಲಾಗುತ್ತದೆಯೇ? ನಮ್ಮ ಕಡೆ ಲಾರಿ ಗ್ಯಾರೇಜಿನಲ್ಲಿ ಎಲ್ಲರೂ ನೋಡಿದ್ದೇವೆ, ತುದಿಯಲ್ಲಿ ರಬ್ಬರಿನ ಬುರುಡೆ, ಒಳಗೆ ತೇಲುವ ಒಂದು ಸಣ್ಣ ಗಾಜಿನ ಬತ್ತಿ. ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ನನ್ನ ಪಂಚೆಯೊಳಗಿಂದ ಹೊರತೆಗೆದು ಬೆಳಕಿಗೆ ಹಿಡಿದ. ಬುರುಡೆಯನ್ನು ಒಮ್ಮೆ ಒತ್ತಿ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ನನ್ನನ್ನು ಡಾಕ್ಟರಾ ಎಂದು ಕೇಳಿದ. ನಾನು ಅಲ್ಲವೆಂದು ತಲೆ ಅಲ್ಲಾಡಿಸಿದೆ. ನಾವು ಘಟ್ಟದ ಕೆಳಗಿನವರು ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ಎಂದು ಬೆಂಗಳೂರಿನವರಿಗೇ ತಿಳಿಯುವುದಿಲ್ಲ, ಅವನಿಗೆ ಹೇಗೆ ತಿಳಿಯಬೇಕು? ಪಕ್ಕದವನಿಗೆ ಏನೋ ಹೇಳಿದ. ಇಬ್ಬರೂ ಸೇರಿ ನನ್ನನ್ನು ಸಾಲಿನಿಂದ ಮುಂದೆ ಕಳುಹಿಸಿದರು. ಉಪ್ಪಿನಕಾಯಿಯ ಭರಣಿ ಸೋರಿ ಚೀಲವೆಲ್ಲ ಕೆಂಪಾಗಿದ್ದನ್ನೂ ಯಾರೂ ಕೇಳಲಿಲ್ಲ.

ಹೊರಗೆ ಇಬ್ರಾಯಿ ಕಾಯುತ್ತಿದ್ದ. ತಲೆಗೂದಲು ಮುಂದೆ ಹಣ್ಣಾಗಿತ್ತು. ನಾವಿಬ್ಬರೂ ತುಳುವಿನಲ್ಲಿ ಮಾತಾಡಿಕೊಳ್ಳುವವರು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನು ಮೊದಲು ಮಗಳ ಎತ್ತರ ಕೇಳಿದ. ನಾನು ನನ್ನ ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ. ಅವನು ಆ ಎತ್ತರವನ್ನೇ ಸ್ವಲ್ಪ ಹೊತ್ತು ನೋಡಿದ, ಮತ್ತೆ ಪೆಟ್ಟಿಗೆ ಎತ್ತಿಕೊಂಡು ಜೀಪಿನ ಕಡೆಗೆ ನಡೆದ.

ತೋಟ, ಮೊದಲ ದಿನ

ತೋಟ ಇದ್ದದ್ದು ಒಳನಾಡಿನಲ್ಲಿ, ಬೋಳು ಗುಡ್ಡಗಳ ಬುಡದಲ್ಲಿ. ಒಂದು ಹುಲ್ಲುಕಡ್ಡಿಯೂ ಇಲ್ಲದ ಗುಡ್ಡಗಳು. ಮಳೆ ಕಡೆಯ ಸಲ ಯಾವಾಗ ಬಂದದ್ದು ಎಂದು ಕೇಳಿದರೆ ಇಬ್ರಾಯಿ ಬೆರಳು ಮಡಚಿ ಲೆಕ್ಕ ಹಾಕಿ ಅರ್ಧಕ್ಕೆ ಬಿಟ್ಟ. ಕಾರ್ಕಳದ ಕಡೆಯವರು ಒಂದು ದಿನ ಮಳೆ ನಿಂತರೆ ಬಿಸಿಲು ಎಂದು ಬಯ್ಯುವುದನ್ನು ನೆನೆದು ನಗು ಬಂತು.

ಅರ್ಬಾಬ್ ನನಗೆ ಎದ್ದುನಿಂತು ಮರ್ಯಾದೆ ಮಾಡಿದ. ಬಿಳಿ ಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ಚಾಪೆಯ ಮೇಲೆ ಕೂರಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಕಹಿ ಕಾಫಿ, ಏಲಕ್ಕಿಯ ವಾಸನೆ. ಕುಡಿದು ಕೆಳಗಿಡುವ ಮೊದಲೇ ಮತ್ತೆ ತುಂಬಿಸಿದರು. ನಮ್ಮಲ್ಲಿ ಬಡಿಸಿದ್ದನ್ನು ಬಿಡುವುದು ಅನ್ನಕ್ಕೆ ಅಪಮಾನವಲ್ಲವೇ? ಅದನ್ನೂ ಕುಡಿದೆ. ಮತ್ತೆ ತುಂಬಿಸಿದರು. ಹೀಗೆ ಹತ್ತೋ ಹನ್ನೊಂದೋ ಬಟ್ಟಲಾಯಿತು. ಕಾಫಿ ಕೊಡುವವನ ಕೈ ಸೋತಿತ್ತು, ಅರ್ಬಾಬ್ ಆಶ್ಚರ್ಯದಿಂದ ನೋಡುತ್ತಿದ್ದ. ಸಾಕೆಂದರೆ ಬಟ್ಟಲನ್ನು ಎರಡು ಸಲ ಅಲುಗಿಸಬೇಕಂತೆ. ಇಬ್ರಾಯಿ ಅದನ್ನು ಹೇಳಿದ್ದು ಹೊರಗೆ ಬಂದ ಮೇಲೆ, ನನ್ನ ಎದೆ ಡೋಲು ಬಡಿಯುತ್ತಿದ್ದಾಗ.

ಯಂತ್ರವನ್ನು ನೋಡಿ ಎದೆ ಇನ್ನೂ ಜೋರಾಯಿತು. ಬಾವಿಯ ಪಕ್ಕದಲ್ಲಿ ಆಕಾಶಕ್ಕೆ ಮುಖಮಾಡಿ ನಿಂತ ಸಾಲುಸಾಲು ಕಡುನೀಲಿ ಗಾಜಿನ ಹಲಗೆಗಳು, ಒಂದೊಂದೂ ನಮ್ಮ ಮನೆಯ ಬಾಗಿಲಷ್ಟು. ಬಾವಿಯೊಳಗೆ ಪಂಪು. ಪಕ್ಕದ ಮಣ್ಣಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬ್ಯಾಟರಿಗಳು. ಗೋಡೆಗೆ ಒಂದು ಪೆಟ್ಟಿಗೆ, ಅದಕ್ಕೆ ಮೂರು ಕಡೆ ತಿರುಗುವ ಒಂದು ಗುಬುಟು. ಅಂಗೈಯಗಲದ ಹಲಗೆಯಿಂದ ಟಾರ್ಚಿನ ಬಲ್ಬು ಉರಿಸಿದವನು ನಾನು. ಇಬ್ರಾಯಿ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಗಂಭೀರವಾಗಿ, "ಹ್ಞೂ" ಎಂದೆ.

ಎರಡನೇ ದಿನದಿಂದ ಐದನೇ ದಿನ

ವಿದೇಶಿಯರು ಬಿಟ್ಟುಹೋದ ಪುಸ್ತಕವೊಂದಿತ್ತು. ಅದು ಫ್ರೆಂಚ್ ಭಾಷೆಯಲ್ಲಿತ್ತು. ಹೊದಿಕೆಯ ಮೇಲೆ ನೆತ್ತಿಗೆ ಬಂದ ಸೂರ್ಯ, ಅದರ ಕೆಳಗೆ ಕೊಳವೆಯಿಂದ ಧಾರಾಳವಾಗಿ ಸುರಿಯುವ ನೀರು. ನಾವಿಬ್ಬರೂ ಅದನ್ನು ಜಾಹೀರಾತಿನ ಚಿತ್ರ ಎಂದುಕೊಂಡು ಪುಟ ತಿರುಗಿಸಿದೆವು.

ಇಬ್ರಾಯಿಯ ದಿನಚರಿ ಹೀಗಿತ್ತು. ನಸುಕಿನ ನಮಾಜು ಮುಗಿಸಿ, ಬ್ಯಾಟರಿಯಲ್ಲಿ ಉಳಿದಷ್ಟರಲ್ಲಿ ಪಂಪು ಹಾಕಿ ಒಂದು ಸಾಲು ಮರಗಳಿಗೆ ನೀರು. ಬಿಸಿಲೇರುವ ಮೊದಲೇ ಪಂಪು ಬಂದ್. ಆಮೇಲೆ ಗಾಜಿನ ಹಲಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಅದೂ ಹಾಲು ಕರೆಯುವ ಮುಂಚೆ ಹಸುವಿನ ಮೈ ತೊಳೆದಷ್ಟು ಮುತುವರ್ಜಿಯಿಂದ. ದಿನವಿಡೀ ಬ್ಯಾಟರಿ ತುಂಬಲು ಬಿಡುವುದು. ಸಂಜೆ ಬಿಸಿಲಿಳಿದ ಮೇಲೆ ಮತ್ತೆ ಪಂಪು. ಮೊದಮೊದಲು ಸಂಜೆ ಎರಡು ತಾಸು ನಡೆಯುತ್ತಿತ್ತಂತೆ. ಈಗ ಅರ್ಧ ತಾಸಿಗೆ ಕೆಮ್ಮಿ ನಿಲ್ಲುತ್ತಿತ್ತು. ತೋಟದ ಆಚೆ ಬದಿಯ ಮರಗಳ ಗರಿಗಳು ಒಣಗಿ ಕೆಳಗೆ ಜೋತಿದ್ದವು, ಎಳೆ ಕಾಯಿ ಉದುರುತ್ತಿತ್ತು.

ನನ್ನ ಗಾಜಿನ ಕೊಳವೆಯಿಂದ ಒಂದೊಂದೇ ಬ್ಯಾಟರಿಯನ್ನು ನೋಡಿದೆ. ಮಧ್ಯಾಹ್ನಕ್ಕೆ ಎಲ್ಲವೂ ತುಂಬಿವೆ ಎಂದು ತೋರಿಸುತ್ತವೆ, ಸಂಜೆಗೆ ಕೈಕೊಡುತ್ತವೆ. ಊರಿನಲ್ಲಾದರೆ ಆಟಿ ತಿಂಗಳ ಮಳೆನೀರನ್ನು ಹಿಡಿದಿಟ್ಟು ಬ್ಯಾಟರಿಗೆ ಹೊಯ್ಯುವವರು ನಾವು. ಇಬ್ರಾಯಿ ಏನು ಹೊಯ್ಯುತ್ತಾನೆ ಎಂದು ಅನುಮಾನ ಬಂತು, ಆದರೆ ಅವನು ಪೇಟೆಯಿಂದ ತಂದ ಶುದ್ಧ ನೀರನ್ನೇ ಹೊಯ್ದಿದ್ದ. ವಯರುಗಳ ಗಂಟು ಬಿಚ್ಚಿ ಉಜ್ಜಿ ಕಟ್ಟಿದೆ. ಪಂಪನ್ನು ಎತ್ತಿ ತೊಳೆದು ಇಳಿಸಿದೆವು. ಗುಬುಟನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದೆ. ನಾಲ್ಕು ದಿನ ಕಳೆದರೂ ಏನೂ ತಿಳಿಯಲಿಲ್ಲ. ಎಲ್ಲವೂ ಸರಿಯಾಗಿಯೇ ಇದೆ, ನೀರು ಮಾತ್ರ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ನನ್ನ ಸೋಲೆಂದರೆ ಇಬ್ರಾಯಿಗೆ ಇನ್ನೂ ಎಷ್ಟು ವರ್ಷವೋ, ಯಾರು ಬಲ್ಲರು.

ಆರನೇ ದಿನ

ಆ ಮಧ್ಯಾಹ್ನ ಸುಮ್ಮನೆ ತಲೆಕೆಟ್ಟು, ಪಂಪನ್ನು ಈಗಲೇ ಹಾಕಿ ನೋಡೋಣ ಎಂದು ಗುಬುಟಿನ ಮೇಲೆ ಕೈಯಿಟ್ಟೆ. ಇಬ್ರಾಯಿ ಓಡಿಬಂದು ನನ್ನ ಕೈ ಹಿಡಿದ.

"ಎಂತ ಮಾಡುತ್ತಿ ಮಾರಾಯ? ಈ ಬಿಸಿಲಿಗೆ ನೀರು ಬಿಟ್ಟರೆ ಬೇರು ಬೇಯುವುದಿಲ್ವಾ?"

ನಾನು ಸುಟ್ಟುಕೊಂಡವನ ಹಾಗೆ ಕೈ ತೆಗೆದೆ. ಅವನು ಹೇಳಿದ್ದು ಸರಿ. ಇನ್ನಂಜೆಯಲ್ಲಿ ನಮ್ಮಮ್ಮ ಮಲ್ಲಿಗೆ ಬುಡಕ್ಕೆ, ಬೇಸಗೆಯ ಗದ್ದೆಯಲ್ಲಿ ಸೌತೆ ಬಳ್ಳಿಗೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದದ್ದು ಬೆಳಗಿನ ತಂಪಿನಲ್ಲಿ, ಮತ್ತೆ ಸಂಜೆ. ಒಮ್ಮೆ ನಾನು ಆಟಕ್ಕೆ ಹೋಗುವ ಅವಸರದಲ್ಲಿ ಮಧ್ಯಾಹ್ನವೇ ನೀರು ಹಾಕಿ ಬೆನ್ನಿಗೆ ಬರೆ ಬರುವಂತೆ ಪೆಟ್ಟು ತಿಂದದ್ದು ನೆನಪಿದೆ. ಇಬ್ರಾಯಿಯ ಅಜ್ಜನೂ ಕಾಪುವಿನಲ್ಲಿ ತೆಂಗಿನ ಸಸಿಗಳಿಗೆ ಹಾಗೆಯೇ ಮಾಡುತ್ತಿದ್ದದ್ದು. ನೆತ್ತಿ ಬಿಸಿಲಿಗೆ ನೀರು ಬಿಡಬಾರದು ಎನ್ನುವುದು ನಮ್ಮಲ್ಲಿ ಯಾರೂ ಯಾರಿಗೂ ಕಲಿಸಬೇಕಾದ ವಿಷಯವಲ್ಲ. ಆ ವಿದೇಶಿಯರು ಕೂಡಿಸಿ ತೋರಿಸಿದ ದಿನ ಮಟಮಟ ಮಧ್ಯಾಹ್ನ ಪಂಪು ಹಾಕಿದ್ದರಂತೆ. ಇವರಿಗೆ ಬೇಸಾಯ ಗೊತ್ತಿಲ್ಲ ಎಂದು ಇಬ್ರಾಯಿ ಮನಸ್ಸಿನಲ್ಲೇ ನಕ್ಕಿದ್ದನಂತೆ. ನಾನೂ ನಕ್ಕೆ.

ನನ್ನ ಮುಖ ಮತ್ತೆ ಬಾಡಿದ್ದನ್ನು ನೋಡಿ ಇಬ್ರಾಯಿ, ಹಳ್ಳಿಯಲ್ಲಿ ನೀರು ಹಂಚುವುದನ್ನಾದರೂ ನೋಡು ಎಂದು ಕರೆದುಕೊಂಡು ಹೋದ. ಅಲ್ಲಿ ಗುಡ್ಡದ ಹೊಟ್ಟೆಯಿಂದ ನಮ್ಮ ಸುರಂಗದ ಹಾಗೆ ತೋಡಿ ತಂದ ಒಂದು ತೋಡು ಉಂಟು, ಫಲಜ್ ಎನ್ನುತ್ತಾರೆ. ಊರಿಗೆಲ್ಲ ಅದೊಂದೇ ನೀರು. ಸಯೀದ್ ಎಂಬ ಮುದುಕ ನೆಲದಲ್ಲಿ ನೆಟ್ಟ ಒಂದು ಕೋಲಿನ ನೆರಳನ್ನು ನೋಡುತ್ತ ಕೂರುತ್ತಾನೆ. ನೆರಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಬರುವವರೆಗೆ ಒಬ್ಬನ ಪಾಲು, ಮುಂದಿನ ಕಲ್ಲಿಗೆ ಮುಂದಿನವನದು. ಗಲಾಟೆ ಇಲ್ಲ, ಗಡಿಯಾರವೂ ಇಲ್ಲ. ನಮ್ಮಲ್ಲಿ ತೋಡಿಗೆ ಅಡ್ಡ ಹಾಕಿದ ಕಟ್ಟದ ನೀರಿಗೆ ಅಣ್ಣತಮ್ಮಂದಿರೇ ಹಾರೆ ಹಿಡಿದು ನಿಲ್ಲುವುದುಂಟು.

ನಾವು ಹೋದಾಗ ಕೋಲಿಗೆ ನೆರಳೇ ಇರಲಿಲ್ಲ. ಆ ಹೊತ್ತಿನ ಪಾಲುದಾರನೊಬ್ಬ ತೋಡಿನ ಬಾಯಿ ತೆಗೆದು ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ನಾನು ತಡೆಯಲಾರದೆ, ಈ ಬಿಸಿಲಿಗೆ ಮರಕ್ಕೆ ನೀರೇ ಎಂದು ಕೇಳಿಸಿದೆ. ಇಬ್ರಾಯಿ ತನಗೆ ತಿಳಿದ ಅರಬಿಯಲ್ಲಿ ಕೇಳಿದ. ಸಯೀದ್ ಕೈ ಚಾಚಿ ತೋರಿಸಿದ. ನೀರು ಹೋಗಿ ಬೀಳುತ್ತಿದ್ದದ್ದು ಮರಗಳಿಗಲ್ಲ, ಗಾರೆಯ ಒಂದು ತೊಟ್ಟಿಗೆ. ಸಂಜೆ ಅದರ ಬಾಯಿ ತೆಗೆಯುತ್ತಾನಂತೆ. ಮುದುಕ ಇಷ್ಟಕ್ಕೆ ಬಿಡಲಿಲ್ಲ. ನಿಮ್ಮ ತೋಟದಲ್ಲಿ ನಡುಹಗಲು ಪಂಪಿನ ಸದ್ದೇ ಕೇಳುವುದಿಲ್ಲವಲ್ಲ, ನಿಮ್ಮ ಅರ್ಬಾಬಿಗೆ ಸೂರ್ಯನಲ್ಲಿ ಪಾಲಿಲ್ಲವೋ ಎಂದು ಕೇಳಿದ.

ಇಬ್ರಾಯಿ ಅದನ್ನು ತುಳುವಿಗೆ ತಿರುಗಿಸಿ ಹೇಳುತ್ತಿದ್ದಂತೆ ಅವನ ಮಾತು ನಿಧಾನವಾಗಿ, ಅರ್ಧದಲ್ಲಿ ನಿಂತಿತು.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ. ಬೆಳ್ಮಣ್ಣಿನಲ್ಲಿ ನನ್ನ ಮಾವ ಮಾಡುವುದೂ ಆ ತೊಟ್ಟಿಯವನು ಮಾಡಿದ್ದನ್ನೇ. ಹೇಳದೆ ಕೇಳದೆ ಹೋಗುವ ಕರೆಂಟು ಬಂದಾಗ ಪಂಪು ಹಾಕಿ ಟಾಂಕಿ ತುಂಬಿಸುತ್ತಾರೆ, ಸಂಜೆ ತರಕಾರಿಗೆ ಬಿಡುತ್ತಾರೆ. ಅದನ್ನು ನೂರು ಸಲ ನೋಡಿದವನು ನಾನು. ಬಿಸಿಲು ಜೋರಾಗಿರುವಾಗ ಪಂಪನ್ನು ಬಂದ್ ಮಾಡಿ ಕೂತು, ಬಿಸಿಲಿಲ್ಲದಾಗ ಇಡೀ ತೋಟದ ಭಾರವನ್ನು ಆ ಬ್ಯಾಟರಿಗಳ ಮೇಲೆ ಹಾಕಿ, ದಿನದಿನವೂ ತಳ ಕಾಣುವವರೆಗೆ ಬಳಿದು, ಅವುಗಳ ಜೀವ ತೆಗೆದಿದ್ದೆವು. ಈಗ ಅವು ಬೇಗ ತುಂಬುತ್ತಿದ್ದದ್ದು ಅವುಗಳಲ್ಲಿ ಜಾಗವೇ ಉಳಿದಿರಲಿಲ್ಲವಾದ್ದರಿಂದ. ಕೂಡಿಡಬೇಕಾದದ್ದು ಕರೆಂಟನ್ನಲ್ಲ, ನೀರನ್ನು.

ಅರ್ಬಾಬಿನ ತೋಟದಲ್ಲೂ ಅಪ್ಪನ ಕಾಲದ ಒಂದು ತೊಟ್ಟಿ ಇತ್ತು. ಅದರೊಳಗೆ ಏನಿತ್ತೆಂದರೆ, ಈ ಗಾಜಿನ ಹಲಗೆಗಳು ಬಂದಿದ್ದ ಮರದ ಪೆಟ್ಟಿಗೆಗಳ ರಾಶಿ.

ಹತ್ತೊಂಬತ್ತನೇ ದಿನ

ತೊಟ್ಟಿ ಖಾಲಿ ಮಾಡಿ, ಬಿರುಕಿಗೆ ಗಾರೆ ಹಾಕಿ, ಒಣಗಿಸಿ, ಎಂಟನೇ ದಿನಕ್ಕೆ ಪಂಪಿನ ಕೊಳವೆಯನ್ನು ಅದಕ್ಕೆ, ಗುಬುಟನ್ನು ಹಲಗೆಯ ಕರೆಂಟು ನೇರ ಪಂಪಿಗೆ ಹೋಗುವ ಕಡೆಗೆ ತಿರುಗಿಸಿದೆವು. ಮರುದಿನ ಬೆಳಿಗ್ಗೆ ಎಂಟಕ್ಕೆ ಬಿಸಿಲು ಬಿದ್ದಂತೆ ಪಂಪು ತಾನೇ ಎದ್ದಿತು, ನಾಲ್ಕರ ನಂತರ ತಾನೇ ಸುಸ್ತಾಗಿ ಮಲಗಿತು. ನಡುಹಗಲು ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ ನೀರು ಧುಮುಕುತ್ತಿತ್ತು. ಸಂಜೆ ತೂಬು ತೆಗೆದರೆ ಆಚೆ ಬದಿಯ ಮರಗಳವರೆಗೂ ಹರಿಯಿತು. ಬ್ಯಾಟರಿಗಳಿಗೆ ಕೋಣೆಯ ಒಂದು ದೀಪ ಉರಿಸುವ ಕೆಲಸ ಮಾತ್ರ ಉಳಿಯಿತು. ಇಬ್ರಾಯಿ ಒಂದೊಂದು ದಿನಕ್ಕೆ ಗೋಡೆಯ ಮೇಲೆ ಇದ್ದಿಲಿನ ಒಂದೊಂದು ಗೆರೆ ಎಳೆದ. ಹತ್ತನೇ ಗೆರೆ ಎಳೆದ ಸಂಜೆ ಸಣ್ಣ ದನಿಯಲ್ಲಿ ಏನೋ ಹಾಡಿಕೊಳ್ಳುತ್ತಿದ್ದ. ಅವನು ಹಾಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಾರನೆಯ ದಿನ ಅರ್ಬಾಬ್ ಬಂದ. ತೊಟ್ಟಿಯಲ್ಲಿ ಕೈಯಾಡಿಸಿ ನೋಡಿದ. ನನ್ನನ್ನು ತಬ್ಬಿಕೊಂಡು ಎರಡು ಕೆನ್ನೆಗೂ ಕೆನ್ನೆ ತಾಗಿಸಿದ. ಕಾಫಿ ಬಂತು, ಈ ಸಲ ಮೂರನೆಯದಕ್ಕೆ ಬಟ್ಟಲನ್ನು ಅಲುಗಿಸಿದೆ. ಆಮೇಲೆ ಒಳಗಿನ ಜೇಬಿನಿಂದ ಇಬ್ರಾಯಿಯ ಪಾಸ್‌ಪೋರ್ಟು ತೆಗೆದು ಅವನ ಕೈಯಲ್ಲಿಟ್ಟು, ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದ. ಮಾತಿನಲ್ಲಿ ಪ್ರೀತಿ ಇತ್ತು, ಅದು ನನಗೂ ತಿಳಿಯುವಂತಿತ್ತು. ಆದರೆ ಇಬ್ರಾಯಿಯ ಮುಖ ಬರಬರುತ್ತ ಬಿಳಿಚಿಕೊಂಡಿತು.

ಅರ್ಬಾಬ್ ಹೋದ ಮೇಲೆ ಏನು ಹೇಳಿದ ಎಂದು ಕೇಳಿದೆ. ಇಬ್ರಾಯಿ ಪಾಸ್‌ಪೋರ್ಟನ್ನು ತೆರೆದು ತನ್ನ ಹಳೆಯ ಫೋಟೋ ನೋಡುತ್ತಿದ್ದ. ನಿನ್ನನ್ನು ಮಗುವಿನಿಂದ ಇಷ್ಟು ವರ್ಷ ದೂರ ಇಟ್ಟದ್ದಕ್ಕೆ ದೇವರು ನನ್ನನ್ನು ಕ್ಷಮಿಸಲಿ, ಇನ್ನು ನೀನು ಸುಖವಾಗಿ ಮನೆಯಲ್ಲಿರು, ಪಂಪನ್ನು ಸೂರ್ಯ ನೋಡಿಕೊಳ್ಳುತ್ತಾನೆ, ಸಂಜೆ ತೂಬು ತೆಗೆಯಲಿಕ್ಕೆ ಸಯೀದ್ ಬರುತ್ತಾನೆ ಎಂದನಂತೆ.

"ಅಂದರೆ ರಜೆ ಅಲ್ಲವಾ?" ಎಂದೆ.

"ಅಲ್ಲ" ಎಂದ ಇಬ್ರಾಯಿ.

ಅದು ಉಪಕಾರವೋ, ಕೆಲಸದಿಂದ ತೆಗೆದದ್ದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅರ್ಬಾಬಿನ ಮೇಲೆ ಸಿಟ್ಟು ಮಾಡೋಣವೆಂದರೆ ಅವನ ಕಣ್ಣಲ್ಲಿ ನೀರಿದ್ದದ್ದನ್ನು ನಾನೇ ನೋಡಿದ್ದೆ. ನಾನು ಹೋಗಿ ಮಾತಾಡುತ್ತೇನೆ, ಬ್ಯಾಟರಿ ನೋಡಲು ಒಬ್ಬ ಬೇಕೇ ಬೇಕು ಎನ್ನುತ್ತೇನೆ ಎಂದೆ. ಇಬ್ರಾಯಿ ಬೇಡವೆಂದ.

"ತಪ್ಪು ನಿನ್ನದಲ್ಲ ಮಾರಾಯ. ಊರಿಗೆ ಹೋಗಬೇಕು ಅಂತ ಮಾತ್ರ ನಾನು ಹೇಳಿದ್ದು. ತಿರುಗಿ ಬರಬೇಕು ಅಂತ ಹೇಳಲಿಕ್ಕೆ ಬಿಟ್ಟುಹೋಯಿತು."

ಕಾಪು

ಒಟ್ಟಿಗೇ ಹೊರಟು ಬಂದೆವು. ವಿಮಾನದಲ್ಲಿ, ಮುಂಬಯಿಯಿಂದ ಬರುವ ಬಸ್ಸಿನಲ್ಲಿ ಅವನು ಜೇಬಿನಲ್ಲಿದ್ದ ಪಾಸ್‌ಪೋರ್ಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನ ದುಡಿಮೆಯಿಂದಲೇ ಆ ಮನೆ ನಡೆಯುತ್ತಿತ್ತು ಎನ್ನುವುದು ನನಗೆ ಗೊತ್ತಿತ್ತು. ಉಡುಪಿಯಲ್ಲಿ ಬಸ್ಸು ಬದಲಾಯಿಸುವಾಗ ನಾನು ಸಂತೆಕಟ್ಟೆಗೆ ಹಿಂದಿರುಗಬಹುದಿತ್ತು, ಆದರೆ ಅವನನ್ನು ಒಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ.

ಕಾಪುವಿನಲ್ಲಿ ಇಳಿದ ಕೂಡಲೇ ಬೀಡಾ ಅಂಗಡಿಯವನು ಗುರುತು ಹಿಡಿದು, "ಓ, ಇಬ್ರಾಯಿ ಬ್ಯಾರಿ! ರಜೆ ಎಷ್ಟು ದಿವಸ ಉಂಟು?" ಎಂದು ಕೇಳಿದ. ಗಲ್ಫಿನಿಂದ ಬಂದವರನ್ನು ನಮ್ಮೂರಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು, ಹೇಗಿದ್ದೀ ಎನ್ನುವುದು ಆಮೇಲೆ. ಇಬ್ರಾಯಿ, ಎರಡು ತಿಂಗಳು ಎಂದ. ಕ್ಷೌರದಂಗಡಿಯವನಿಗೆ ಮೂರು ತಿಂಗಳು ಎಂದ. ಮಸೀದಿಯ ಓಣಿಯಲ್ಲಿ ಸಿಕ್ಕಿದ ಮುದುಕರೊಬ್ಬರಿಗೆ ಆರು ತಿಂಗಳು ಎಂದ. ಮನೆ ಹತ್ತಿರವಾದಂತೆ ರಜೆ ಉದ್ದವಾಗುತ್ತ ಹೋಯಿತು. ನಾನು ಅವನ ಪೆಟ್ಟಿಗೆ ಹಿಡಿದುಕೊಂಡು ಹಿಂದೆ ನಡೆಯುತ್ತಿದ್ದೆ.

ಅಂಗಳದಲ್ಲಿ ಮಗು ನಿಂತಿತ್ತು. ನನ್ನನ್ನು ನೋಡಿ ನಕ್ಕಿತು, ಅವನನ್ನು ನೋಡಿ ನಗು ನಿಲ್ಲಿಸಿತು. ಇಬ್ರಾಯಿ ಅವಳ ಮುಂದೆ ಮಂಡಿಯೂರಿ ಕೂತ. ಮುಟ್ಟಲಿಲ್ಲ. ಅವಳು ಅವನ ಗಡ್ಡವನ್ನು, ಕೈಗಡಿಯಾರವನ್ನು ನೋಡಿದಳು, ಬೆರಳಿನಿಂದ ಗಡಿಯಾರದ ಗಾಜನ್ನು ಒಮ್ಮೆ ಮುಟ್ಟಿದಳು. ಅವನು ಕೈಯನ್ನು ಅಲುಗಿಸದೆ ಹಾಗೇ ಇಟ್ಟುಕೊಂಡಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಬಾಗಿಲ ಮರೆಯಿಂದ ನೆಬೀಸ ಬ್ಯಾರಿ ಭಾಷೆಯಲ್ಲಿ, ರಜೆ ಎಷ್ಟು ದಿವಸ ಎಂದು ಕೇಳಿದರು. ಅಷ್ಟು ನನಗೂ ತಿಳಿಯಿತು.

ಇಬ್ರಾಯಿ ಮಗಳ ಮುಖದಿಂದ ಕಣ್ಣು ತೆಗೆಯದೆ ತುಳುವಿನಲ್ಲಿ, ನನಗೂ ತಿಳಿಯಲೆಂದೇ ಇರಬೇಕು, ಉತ್ತರ ಹೇಳಿದ.

"ನನ್ನ ಹತ್ತಿರ ಕೇಳಬೇಡ. ರಿಪೇರಿ ಮಾಡಿದವ ಇವ, ಇವನ ಹತ್ತಿರ ಕೇಳು."

ನೆಬೀಸ ನನ್ನ ಕಡೆಗೆ ನೋಡಿದರು. ಮಗುವೂ ತಿರುಗಿ ನೋಡಿತು. ನಾನು ಪೆಟ್ಟಿಗೆ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದೆ, ಅದನ್ನು ಒಳಗೆ ಒಯ್ದಿಡಬೇಕೋ ಹೊರಗೇ ಇಡಬೇಕೋ ನನಗೆ ತಿಳಿಯಲಿಲ್ಲ.